ಹೊಸ್ತಿಲ ಹೊರಗಿನ ನಮಸ್ಕಾರ

ಈ ಸಲ ಚೌತಿಯ ಮುನ್ನಾ ದಿನ ಅಂಕೋಲೆಯ ಪೇಟೆಯಲ್ಲಿ ಅಡಿಕೆ ಸಿಂಗಾರದ ಘಾಟು ಪರಿಮಳ ಮೂಗಿಗೆ ಬಡಿಯಿತು. ಗಣಪತಿಯ ನೆತ್ತಿಯ ಮೇಲೆ, ಮಾಡಿನ ಜಂತಿಯಿಂದ ತೂಗುಬಿಡುವ ಹಣ್ಣುಕಾಯಿಗಳ ಫಲಾವಳಿಗೆ ಅದು ಬೇಕೇ ಬೇಕು. ನನಗೆ ಮಾತ್ರ ದೇವರಿಗಿಂತ ಮೊದಲು ನೆನಪಾದದ್ದು ಮಾವಶಿ...

ಮದುವೆಯಾಗಿ ಕಾರವಾರಕ್ಕೆ ಬಂದ ಹೊಸತು. ಒಂದೇ ಹಂಚಿನ ಮಾಡಿನ ಕೆಳಗೆ ನಾಲ್ಕು ಬಾಡಿಗೆ ಮನೆಗಳಿದ್ದ ಚಾಳು ನಮ್ಮದು. ಪಕ್ಕದ ಮನೆಯ ವಿಧವೆಯನ್ನು ಎಲ್ಲರೂ ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು. ಶಾಲೆಯಲ್ಲಿ ಬಿಸಿಯೂಟದ ಅಡುಗೆ ಕೆಲಸ, ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ. ಜಂತಿಗಳೆಲ್ಲ ಗೆದ್ದಲು ತಿಂದು ಟೊಳ್ಳಾಗಿದ್ದವು. ಒಂದು ಮಧ್ಯಾಹ್ನ ರೀಪು ಮುರಿದು ಹಂಚುಗಳು ಆ ಮುದುಕಿಯ ಮಂಚದ ಪಕ್ಕಕ್ಕೇ ಬಿದ್ದವು. ಚಾಳಿನ ಮಾಲಕರಿಗೆ ಹೇಳಿದರೆ, "ಮಳೆ ಮುಗೀಲಿ, ನೋಡ್ವ" ಎಂದರು. ಹಿಂದಿನ ವರ್ಷವೂ ಅದನ್ನೇ ಹೇಳಿದ್ದರು. ಮಾವಶಿ ಸೀದಾ ಹೋಗಿ ಕೇಸು ಹಾಕಿಬಿಟ್ಟರು.

"ಮಾಡು ಬಿದ್ರೆ ನನಗೆ ಓಡೂಕೆ ಕಾಲು ಅದೆ. ಅತ್ತೆಗೆ ಎಂತ ಅದೆ?" ಎಂದರು ನನ್ನ ಹತ್ತಿರ.

ಮಾಲಕರು ಕೆಟ್ಟವರಲ್ಲ, ನಮ್ಮ ಕಷ್ಟಸುಖಕ್ಕೆ ಆಗುತ್ತಿದ್ದವರೇ. ಆದರೆ ಎದುರು ಹಾಕಿಕೊಂಡರೆ ಮನೆ ಖಾಲಿ ಮಾಡಿಸಿಯಾರು ಎಂಬ ಭಯ ಚಾಳಿನವರಿಗೆಲ್ಲ. ಸಾಕ್ಷಿ ಹೇಳಲು ಯಾರೂ ಮುಂದೆ ಬರಲಿಲ್ಲ, ನಮ್ಮ ಮನೆಯವರೂ ಬರಲಿಲ್ಲ. ಇಷ್ಟರಲ್ಲಿ ಚೌತಿ ಬಂತು. ಪ್ರತಿ ವರ್ಷ ಮಾಲಕರು ನಾಲ್ಕೂ ಮನೆಗೆ ಬಂದು, ಗಣಪತಿಯ ಮುಂದೆ ಕೂತು ಪ್ರಸಾದ ತಿಂದು ಹೋಗುವುದು ರೂಢಿ. ಮಾವಶಿ ಆ ವರ್ಷವೂ ತಾವೇ ಹೋಗಿ ಅವರನ್ನು ಕರೆದು ಬಂದರು. ನಾನು ದಂಗಾದೆ.

"ಕೇಸು ಕೋರ್ಟಲ್ಲಿ ಇರ್ಲಿ. ಹಬ್ಬಕ್ಕೆ ಕರೀದೆ ಇರೂಕೆ ಆಗ್ತದೇನೆ?" ಎಂದರು.

ಮಾಲಕರು ಬಂದಾಗ ನಾನು ಅಲ್ಲೇ ಇದ್ದೆ. ಜಂತಿಯನ್ನು ನಂಬದೆ ಮಾವಶಿ ಬಿದಿರು ನಿಲ್ಲಿಸಿ ಫಲಾವಳಿ ಕಟ್ಟಿದ್ದರು. ಮಾಲಕರು ಅದನ್ನು ನೋಡಿದರು, ಮೇಲೆ ಮಾಡನ್ನು ನೋಡಿದರು, ಹೊಸ್ತಿಲ ಹೊರಗೇ ನಿಂತು ಕೈಮುಗಿದರು. ಎಷ್ಟು ಕರೆದರೂ ಒಳಗೆ ಬರಲಿಲ್ಲ. ಅವರು ಹೋದ ಮೇಲೆ ಮಾವಶಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ಮಾಲಕರ ಹೇಳಿಕೆಯ ದಿನ ಮನೆಯಲ್ಲಿ ಏನೋ ನೆಪ ಹೇಳಿ ಮಾವಶಿಯ ಜೊತೆ ಕೋರ್ಟಿಗೆ ಹೋದೆ. ಮಾಡು ಗಟ್ಟಿಯಾಗಿಯೇ ಇದೆ ಎಂದರು ಮಾಲಕರು. ಮಾವಶಿ ತಮ್ಮ ವಕೀಲರ ಕಿವಿಯಲ್ಲಿ ಏನೋ ಹೇಳಿದರು. ವಕೀಲರು ಕೇಳಿದರು: "ಈ ಸಲ ಚೌತಿಗೆ ಇವರ ಗಣಪತಿಗೆ ಹೊರಗೇ ನಿಂತು ಕೈಮುಗಿದಿರಲ್ಲ, ಯಾಕೆ?"

ಗಣಪತಿಯ ವಿಷಯದಲ್ಲಿ ಸುಳ್ಳು ಹೇಳುವ ಧೈರ್ಯ ಆ ಮನುಷ್ಯನಿಗೆ ಇರಲಿಲ್ಲ. ನ್ಯಾಯಾಧೀಶರ ಕಡೆ ತಿರುಗಿದರು.

"ಹೆದ್ರಿಕೆ ಆಯ್ತು ಸ್ವಾಮಿ... ಎಲ್ಲಿ ತಲೆ ಮೇಲೆ ಬೀಳ್ತದೋ ಅಂತ."

ಇದಕ್ಕೇ ಅವರನ್ನು ಹಬ್ಬಕ್ಕೆ ಕರೆದಿರಾ ಎಂದು ವಾಪಸು ಬರುವ ದಾರಿಯಲ್ಲಿ ಕೇಳಿದೆ. "ಛೆ, ಇಲ್ಲ ಮಗಾ. ಒಳಗೆ ಬರ್ಲಿಲ್ಲ ಅಂತ ಬೇಜಾರಾಗಿತ್ತು. ಅದನ್ನೇ ಕೇಳ್ಸಿದೆ, ಅಷ್ಟೆ" ಎಂದರು ಮಾವಶಿ.

ಮಾಡು ರಿಪೇರಿ ಮಾಡಿಸಬೇಕೆಂದು ಆದೇಶವಾಯಿತು. ಮೇಲಿನ ತೊಲೆ ನಾಲ್ಕೂ ಮನೆಗೆ ಒಂದೇ ಆದ್ದರಿಂದ ಇಡೀ ಚಾಳಿನ ಮಾಡು ಬಿಚ್ಚಿ ಹೊಸದು ಹಾಕಬೇಕಾಯಿತು. ಮರುವರ್ಷದ ಮಳೆಯಲ್ಲಿ ಅತ್ತೆಯ ಮಂಚ ಸರಿಸಬೇಕಾಗಲಿಲ್ಲ, ನಾವೂ ನೆಮ್ಮದಿಯಾಗಿ ಮಲಗಿದೆವು. ನಾವ್ಯಾರೂ ಸಾಕ್ಷಿಗೆ ಬರದಿದ್ದುದನ್ನು ಮಾವಶಿ ಒಂದು ದಿನವೂ ಎತ್ತಿ ಆಡಲಿಲ್ಲ. ಅಷ್ಟು ದೊಡ್ಡ ಮನಸ್ಸನ್ನು ನಾನು ಮತ್ತೆ ಕಂಡಿಲ್ಲ.

ಅತ್ತೆ ತೀರಿದ ಮೇಲೆ ಅವರು ಸದಾಶಿವಗಡದ ತಂಗಿಯ ಮನೆಗೆ ಹೋದರು. ನಾವು ಅಂಕೋಲೆಯ ಬಾಳೆಗುಳಿಯ ಹತ್ತಿರ ಮನೆ ಕಟ್ಟಿಸಿ, ಮೇಲಿನ ಅಂತಸ್ತನ್ನು ಬಾಡಿಗೆಗೆ ಕೊಟ್ಟೆವು. ಈ ಸಲ ಚೌತಿ ಮುಗಿದ ವಾರ ಬಾಡಿಗೆಯವರು ಬಂದು, ಅಡುಗೆಮನೆಯ ಸ್ಲ್ಯಾಬಿನಿಂದ ಸಿಮೆಂಟು ಉದುರುತ್ತಿದೆ ಎಂದರು. ದೀಪಾವಳಿ ಕಳೆಯಲಿ ಎಂದರು ನಮ್ಮವರು. ನಾನು ಮರುದಿನವೇ ಗಾರೆ ಕೆಲಸದ ಗವಂಡಿಯನ್ನು ಕರೆಸಿದೆ.

ಮಾವಶಿಗೆ ಇದನ್ನು ಹೇಳಬೇಕೆನಿಸಿತು. ನಂಬರ್ ಹುಡುಕಿ ಫೋನ್ ಮಾಡಿದರೆ ತಂಗಿ ಎತ್ತಿದರು. ಹೋದ ವರ್ಷದ ಶ್ರಾವಣದಲ್ಲೇ ತೀರಿಕೊಂಡರಂತೆ... ಮೇಲೆ ಗವಂಡಿ ಹಳೆಯ ಗಾರೆ ಕೆತ್ತುತ್ತಿದ್ದ. ಫೋನ್ ಇಟ್ಟು, ಅಳುತ್ತಲೇ ಅವನಿಗೆ ಚಹಾ ಮಾಡಿದೆ.