ಹಾಸ್ಟೆಲ್ ಇಲ್ಲ ಎಂದ ಅಕ್ಕಾರು

ಹೋದ ವಾರ ವಿಜಯಪುರದ ಸೊಲ್ಲಾಪುರ ರಸ್ತೆಯ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆಗೆಂದು ತೋಳು ಚಾಚಿ ಕುಳಿತಿದ್ದೆ. ಹತ್ತಿಗೆ ಹಚ್ಚಿದ ಸ್ಪಿರಿಟ್ಟಿನ ವಾಸನೆ ಮೂಗಿಗೆ ಬಡಿಯಿತು. ಸೂಜಿಗೆ ಹೆದರುವವಳಲ್ಲ ನಾನು. ಆದರೂ ಎದ್ದು ಹೊರಗೆ ಹೋಗಿಬಿಡಬೇಕು ಎನ್ನಿಸಿತು. ಅದು ನನಗೆ ಆಸ್ಪತ್ರೆಯ ವಾಸನೆಯಲ್ಲ, ನನ್ನ ಜೊತೆ ಕೆಮಿಸ್ಟ್ರಿ ಕಲಿಸುತ್ತಿದ್ದ ಅಕ್ಕಾರ ಕೈಯ ವಾಸನೆ. ನಾನು ಮೊದಲು ಕೆಲಸಕ್ಕೆ ಸೇರಿದ ಕಾಲೇಜಿನ ಪ್ರಯೋಗಾಲಯದಲ್ಲಿ ಗ್ಯಾಸ್ ಇರಲಿಲ್ಲ. ಸ್ಪಿರಿಟ್ ದೀಪ ಹಚ್ಚಿಯೇ ಅವರು ಪ್ರಯೋಗ ಮಾಡಿಸುತ್ತಿದ್ದರು. ಮಧ್ಯಾಹ್ನ ಪಕ್ಕದಲ್ಲಿ ಕೂತು ರೊಟ್ಟಿ ಮುರಿಯುವಾಗಲೂ ಅವರ ಬೆರಳುಗಳಿಂದ ಅದೇ ವಾಸನೆ...

ಸಿರಿಂಜ್ ಹಿಡಿದಿದ್ದ ಹೆಣ್ಣುಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ಮೇಡಮ್ಮರ, ನೀವು ಅಕ್ಕಾರ ಜೋಡಿ ಹೊನವಾಡಕ್ಕ ನಮ್ಮ ಮನಿಗೆ ಬಂದಿದ್ರಿ, ಹೌದಲ್ರಿ?"

ಬಂದಿದ್ದೆ. ಅವಳು ಸೂಜಿ ಚುಚ್ಚಿದ್ದು ನನಗೆ ತಿಳಿಯಲೇ ಇಲ್ಲ.

ಆ ಕಾಲೇಜು ಆಗಿನ್ನೂ ಹೊಸದು. ಕೆಳಗೆ ಟ್ರ್ಯಾಕ್ಟರ್ ರಿಪೇರಿಯ ಗ್ಯಾರೇಜು, ಮೇಲೆ ನಾವು. ಪಿಯುಸಿ ಫಲಿತಾಂಶ ಬಂತೆಂದರೆ ಕಲಿಸುವವರೆಲ್ಲ ಹಳ್ಳಿ ಹಳ್ಳಿ ಸುತ್ತಿ ಹುಡುಗರನ್ನು ಕರೆತರಬೇಕಿತ್ತು. ತಂದವರಿಗೆ ಮುಂದಿನ ವರ್ಷವೂ ಕೆಲಸ. ಬರಿಗೈಯಲ್ಲಿ ಬಂದವರಿಗೆ... ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಕನ್ನಡ ಕಲಿಸಲು ಆಗಷ್ಟೇ ಸೇರಿದ್ದ ನನ್ನನ್ನು ಅಕ್ಕಾರ ಜೊತೆ ತಿಕೋಟಾ ಕಡೆಗೆ ಕಳಿಸಿದರು.

ಅಕ್ಕಾರು ನನಗಿಂತ ಬಹಳ ಹಿರಿಯರು. ಮುಪ್ಪಾದ ತಾಯಿಯೊಂದಿಗೆ ಬಸ್‌ಸ್ಟ್ಯಾಂಡಿನ ಹಿಂದೆ ಬಾಡಿಗೆ ಮನೆಯಲ್ಲಿದ್ದರು. ಒಂದು ಕಡೆ ನಿಲ್ಲುವ ಜೀವವೇ ಅಲ್ಲ. ಬಸ್ಸಿಗೆ ಕಾಯುವಾಗಲೂ ಸೀರೆಯ ನೆರಿಗೆ ಎತ್ತಿ ಹಿಡಿದು ಈ ಕಡೆಯಿಂದ ಆ ಕಡೆ ನಡೆಯುತ್ತಿದ್ದರು. ನೋಡುತ್ತ ನಿಂತವರಿಗೆ ಸುಸ್ತು.

ನಮಗೆ ಹಂಚಲು ಕೊಟ್ಟ ಕರಪತ್ರದಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್ಲಿನ ಬಣ್ಣದ ಚಿತ್ರವಿತ್ತು. ದೊಡ್ಡ ಕಟ್ಟಡ, ಮುಂದೆ ಹಸಿರು ಹುಲ್ಲು. ನಮಗೆ ಹುಲ್ಲೂ ಇರಲಿಲ್ಲ, ಹಾಸ್ಟೆಲ್ಲೂ ಇರಲಿಲ್ಲ. "ಕೇಳಿದ್ರ ಐತಿ ಅನ್ರಿ. ಬಂದ ಮ್ಯಾಲ ನೋಡೂಣು" ಎಂದು ಚೇರ್ಮನ್ನರು ಹೇಳಿ ಕಳಿಸಿದ್ದರು.

ಅಕ್ಕಾರು ಹೋದ ಮನೆಯಲ್ಲೆಲ್ಲ ಇಲ್ಲದ್ದನ್ನೇ ಮೊದಲು ಹೇಳಿಬಿಡುತ್ತಿದ್ದರು. ಗಣಿತಕ್ಕೆ ಕಾಯಂ ಮಾಸ್ತರರಿಲ್ಲ, ಗ್ರಂಥಾಲಯ ಅಂದರೆ ಒಂದು ಕಪಾಟು. ಆಮೇಲೆ, "ಆದ್ರ ಕೆಮಿಸ್ಟ್ರಿ ನಾ ಛಲೋ ಕಲಸ್ತೀನ್ರಿ, ಅದಕ್ಕ ಮಾತು ಕೊಡ್ತೀನಿ" ಎನ್ನುವರು. ಮನೆಯವರು ಚಹಾ ಕೊಟ್ಟು "ನೋಡೂಣ್ರಿ" ಎಂದು ಕಳಿಸುವರು. ನನಗೆ ಕೆಲಸದ ಚಿಂತೆ. ಹೀಗೆ ಹೇಳಿಕೊಂಡು ತಿರುಗಿದರೆ ಯಾರು ಬಂದಾರು?

ಹೊನವಾಡದ ಆ ಮನೆಯ ಹುಡುಗಿ ಸೈನ್ಸಿನಲ್ಲಿ ಫಸ್ಟ್ ಕ್ಲಾಸ್ ಪಾಸಾಗಿದ್ದಳು. ತಂದೆ ಒಣದ್ರಾಕ್ಷಿ ಶೆಡ್ಡಿನಿಂದ ಕೈ ಒರೆಸಿಕೊಳ್ಳುತ್ತ ಬಂದು ಕರಪತ್ರವನ್ನು ಹಿಂದೆ ಮುಂದೆ ತಿರುವಿ ನೋಡಿದ. ಇದ್ದದ್ದು ಅವನಿಗೆ ಒಂದೇ ಪ್ರಶ್ನೆ.

"ಹುಡುಗ್ಯಾರು ಇರೋ ಹಾಸ್ಟೆಲ್ ಇದ ಏನ್ರಿ?"

ಹುಡುಗಿ ಒಳಬಾಗಿಲಲ್ಲಿ ನಿಂತಿದ್ದಳು. ಅವಳ ಮುಖದಲ್ಲಿ ಆಗಲೇ ಆ ಹಾಸ್ಟೆಲ್ಲಿನಲ್ಲಿ ಮಂಚ ಹಾಕಿಕೊಂಡ ಖುಷಿ. ನಾನು ನೆಲ ನೋಡಿದೆ.

"ಅಲ್ರಿ. ಆ ಫೋಟೋ ನಮ್ಮದಲ್ಲ. ನಮ್ಮಲ್ಲಿ ಹಾಸ್ಟೆಲ್ ಇಲ್ಲ" ಎಂದರು ಅಕ್ಕಾರು.

ತಂದೆ ಕರಪತ್ರ ಮಡಚಿ ವಾಪಸ್ಸು ಕೊಟ್ಟ. "ಹಂಗಾರ ಸಾಲಿ ಸಾಕ್ರಿ. ದಿನಾ ಬಸ್ಸಿನ್ಯಾಗ ಕಳಸಾಂವಲ್ಲ ನಾ. ಹೆಂಗೂ ಕೇಳಾಕತ್ತಾರ, ಮದಿವಿ ಮಾಡತೀನಿ."

ನಾವು ಓಣಿ ದಾಟುವಷ್ಟರಲ್ಲಿ ಹುಡುಗಿ ಬರಿಗಾಲಲ್ಲಿ ಓಡಿ ಬಂದಳು. ಅಳುತ್ತಿರಲಿಲ್ಲ, ಸಿಟ್ಟಿನಿಂದ ನಡುಗುತ್ತಿದ್ದಳು.

"ಐತಿ ಅಂದಿದ್ರ ನಿಮ್ಮ ಗಂಟೇನು ಹೋಗತಿತ್ರಿ? ಊರಾಗಿನ ಮಂದಿ ಎಲ್ಲಾ ಸುಳ್ಳು ಹೇಳತಾರ. ನೀವು ಒಂದು ಹೇಳಿದ್ರ ನಾ ಕಲೀತಿದ್ನಿ!"

ಹುಡುಗಿ ಹೊರಳಿ ಹೋಗಿಬಿಟ್ಟಳು.

ಬಸ್ಸಿಗೆ ಕಾಯುವಾಗ ಅವರು ನಡೆದ ನಡಿಗೆ ಇವತ್ತಿಗೂ ಕಣ್ಣಮುಂದಿದೆ. ಬಿಸಿಲು ನೆತ್ತಿ ಸುಡುತ್ತಿತ್ತು, ಗಿಡದ ನೆರಳಿಗೂ ಬರಲೊಲ್ಲರು. ನನಗೂ ತಡೆಯಲಾಗಲಿಲ್ಲ. ಆ ಹುಡುಗಿ ಕೇಳಿದ್ದರಲ್ಲಿ ತಪ್ಪೇನಿದೆ ಎಂದು ಕೇಳಿಯೇಬಿಟ್ಟೆ. ಅವರು ಗಕ್ಕನೆ ನನ್ನ ಕಡೆ ತಿರುಗಿದರು.

"ಹ್ವಾದ ವರ್ಷ ಹಿಂಗ ಯಾರೋ ಐತಿ ಅಂದು ಒಂದ ಹುಡುಗೀನ ಕರಕೊಂಡು ಬಂದ್ರು. ಟ್ರಂಕ್ ಹೊತಗೊಂಡು ಬಂತು ಅದು. ಗ್ಯಾರೇಜಿನ ಮ್ಯಾಲಿನ ಖೋಲಿಯೊಳಗ ಇಟ್ರು. ಬಾಗಲಕ್ಕ ಚಿಲಕ ಇರಲಿಲ್ಲ. ಅವರಪ್ಪ ಬಂದು ನೋಡಿ, ಒಂದ ಮಾತೂ ಆಡದ ಕರಕೊಂಡು ಹೋದ. ಆಮ್ಯಾಲ ಆಕಿ ಯಾವ ಸಾಲಿಗೂ ಹೋಗ್ಲಿಲ್ಲ. ಈಕೀನ ತಂದು ನಾ ಎಲ್ಲಿ ಮಲಗಸಲೇ ತಂಗಿ?"

ಅಷ್ಟು ಹೇಳಿದರೂ ಅವರಿಗೆ ಸಮಾಧಾನವಾಗಲಿಲ್ಲ. ದಾರಿಯುದ್ದಕ್ಕೂ ಕಿಟಕಿಯ ಸರಳು ಹಿಡಿದು, ಬಿಟ್ಟು, ಮತ್ತೆ ಹಿಡಿದು... "ಖರೇ ಹೇಳಿ ಆಕೀ ಬಾಗಲಾ ನಾನ ಹಾಕಿದ್ನಿ" ಎಂದು ತಮ್ಮಷ್ಟಕ್ಕೆ ಒಮ್ಮೆ ಅಂದರು.

ಮರುದಿನದಿಂದ ಅವರು ವಿಜಯಪುರದಲ್ಲಿ ಹಾಸ್ಟೆಲ್ ಹುಡುಕಲು ಹತ್ತಿದರು. ಹಳ್ಳಿಯ ಹೆಣ್ಣುಮಕ್ಕಳಿಗೆಂದು ಇದ್ದ ಒಂದು ಸರ್ಕಾರಿ ಹಾಸ್ಟೆಲ್ಲಿನಲ್ಲಿ ಜಾಗವಿತ್ತು. ಆದರೆ ನಮ್ಮ ಕಾಲೇಜಿನಿಂದ ಅದು ಊರಿನ ಇನ್ನೊಂದು ತುದಿ. ಅದಕ್ಕೆ ಸಮೀಪದ ಬೇರೆ ಕಾಲೇಜಿನಲ್ಲೇ ಹುಡುಗಿ ಓದುವುದು ಒಳ್ಳೆಯದು ಎಂದರು ಅಕ್ಕಾರು. ಮಂದಿಯ ಕಾಲೇಜಿಗೆ ನಾವೇ ಹುಡುಗಿಯನ್ನು ಮುಟ್ಟಿಸುವುದೆ? ಅಕ್ಕಾರು ಆಗಲೇ ಹೊನವಾಡದ ಬಸ್ ಹತ್ತಿದ್ದರು. ನಾನೂ ಹತ್ತಿದೆ.

ತಂದೆ ನಮ್ಮನ್ನು ನೋಡಿ ಮುಖ ಗಂಟಿಕ್ಕಿದ. "ನನ್ನ ಮಾತ ನಂಬಬ್ಯಾಡ್ರಿ ಯಪ್ಪಾ. ನೀವ ಬಂದು ಕಣ್ಣಾರೆ ನೋಡ್ರಿ. ಮನಸಿಗೆ ಬರಲಿಲ್ಲಂದ್ರ ವಾಪಸ್ಸು ಬರ್ರಿ" ಎಂದರು ಅಕ್ಕಾರು. ಅವನು ಮಗಳನ್ನೂ ಕರೆದುಕೊಂಡು ಬಂದ. ಹಾಸ್ಟೆಲ್ಲಿನ ಕೋಣೆಕೋಣೆಯ ಚಿಲಕ ಎಳೆದು ನೋಡಿದ, ನಳ ತಿರುವಿದ, ಅಡುಗೆಯವಳ ಹತ್ತಿರ ನಿಂತು ಯಾವ ಊರು, ಯಾರ ಪೈಕಿ ಎಂದು ವಿಚಾರಿಸಿದ. ಹುಡುಗಿ ಅಕ್ಕಾರ ಕಡೆ ಒಮ್ಮೆಯೂ ತಿರುಗಲಿಲ್ಲ. ಕೊನೆಗೆ ತಂದೆ ಟೋಪಿ ತೆಗೆದು ತಲೆ ಕೆರೆದುಕೊಂಡು, "ಇರಲಿ ಬಿಡ್ರಿ, ಕಲೀಲಿ" ಎಂದ. ಅಕ್ಕಾರು ಗೋಡೆಗೆ ಒರಗಿದರು. ಅವರು ಒಂದು ಕಡೆ ಸುಮ್ಮನೆ ನಿಂತದ್ದನ್ನು ನಾನು ಕಂಡದ್ದು ಆಗ ಮಾತ್ರ.

ಸುದ್ದಿ ಚೇರ್ಮನ್ನರಿಗೆ ಮುಟ್ಟಲು ತಡವಾಗಲಿಲ್ಲ. ಅಕ್ಕಾರನ್ನು ತಮ್ಮ ಕೋಣೆಗೆ ಕರೆಸಿದರು. ಬಾಗಿಲು ತೆರೆದೇ ಇತ್ತು, ನಮಗೆಲ್ಲ ಕೇಳಿಸಲೆಂದೇ ಇರಬೇಕು.

"ನಮ್ಮ ಉಪ್ಪು ತಿಂದು ಮಂದಿ ಕಾಲೇಜಿಗೆ ಹುಡುಗ್ಯಾರನ್ನ ಕಳಸತೀರೇನ್ರಿ?"

"ನಮ್ಮಲ್ಲಿ ಹಾಸ್ಟೆಲ್ ಇದ್ದಿದ್ರ ಇಲ್ಲೇ ತರತಿದ್ನ್ರಿ ಸರ್. ಆ ಫೋಟೋ ತಗಸ್ರಿ, ನಾಳಿಂದ ಮತ್ತ ಊರೂರು ತಿರಗತೀನಿ."

ಆ ವರ್ಷ ಅವರನ್ನು ಕೆಲಸದಲ್ಲಿ ಮುಂದುವರಿಸಲಿಲ್ಲ. ಕರಪತ್ರದಲ್ಲಿ ಚಿತ್ರ ಹಾಗೆಯೇ ಇತ್ತು. ಅಕ್ಕಾರು ಕೆಲಕಾಲ ಮನೆಯಲ್ಲೇ ಟ್ಯೂಶನ್ ಹೇಳಿದರು. ತಾಯಿ ತೀರಿದ ಮೇಲೆ ಜಮಖಂಡಿಯ ತಮ್ಮನ ಮನೆಗೆ ಹೋದರು. ನಾನೂ ಬೇರೆ ಕಡೆ ನೌಕರಿ ಹಿಡಿದೆ. ಮೊದಮೊದಲು ಫೋನು, ಆಮೇಲೆ ಹಬ್ಬಕ್ಕೊಂದು ಮೆಸೇಜು, ಆಮೇಲೆ... ಅವರು ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಮಣ್ಣೆಲ್ಲ ಮುಗಿದ ಮೇಲೆ.

ಲ್ಯಾಬಿನ ಹೆಣ್ಣುಮಗಳು ತೋಳಿನ ಮೇಲೆ ಹತ್ತಿ ಒತ್ತಿ ಹಿಡಿದು ಕೇಳಿದಳು, "ಅಕ್ಕಾರು ಇನ್ನೂ ಅದ ಕಾಲೇಜಿನ್ಯಾಗ ಅದಾರೇನ್ರಿ? ಡಿಗ್ರಿ ಮುಗದ ಮ್ಯಾಲ ಹೋಗಿ ಕಾಲಿಗೆ ಬೀಳಬೇಕಂತ ಭಾಳ ಸಲ ಅನಕೊಂಡ್ನಿ. ಅವತ್ತ ಬೈದಿದ್ನೆಲ್ರಿ... ನಾಚಿಕಿಯಾಗಿ ಹೋಗ್ಲಿಲ್ಲ."

ಹಿಂದೆ ಜನ ಕಾಯುತ್ತಿದ್ದರು. ಆರಾಮ ಇದ್ದಾರೆ ಎಂದು ಎದ್ದುಬಿಡಬಹುದಿತ್ತು. ಆಗಲಿಲ್ಲ. ಅವರು ಇಲ್ಲ ಎಂದೆ. ಆ ವರ್ಷವೇ ಕಾಲೇಜು ಬಿಡಬೇಕಾಯಿತು ಎಂದೂ ಹೇಳಿದೆ.

ಅವಳು ಸ್ಟೂಲ್ ಎಳೆದು ಕೂತಳು. "ನನ್ನ ಸಲುವಾಗೇನ್ರಿ?"

"ಹೌದವ್ವಾ."

ಆದರೆ ಅವರು ಅದಕ್ಕೆ ಎಂದೂ ಹಳಹಳಿಸಲಿಲ್ಲ ಎಂದು ಸೇರಿಸಲು ಹೋದೆ. ನಾಲಗೆಯ ತುದಿಗೆ ಬಂದಿತ್ತು ಮಾತು. ಅದು ನಿಜವೋ ಅಲ್ಲವೋ ನನಗೆ ಗೊತ್ತಿರಲಿಲ್ಲ. ಅಷ್ಟು ವರ್ಷಗಳಲ್ಲಿ ನಾನು ಅವರನ್ನು ಕೇಳಿರಲೇ ಇಲ್ಲ. ಇನ್ನು ಕೇಳುವುದು ಯಾರನ್ನು? ಆ ಮಾತನ್ನು ಬಿಟ್ಟು ಅವಳ ಹೆಗಲ ಮೇಲೆ ಕೈಯಿಟ್ಟೆ.