ದೊಡ್ಡಕ್ಕನ ನಾಲ್ಕನೇ ಮೆಟ್ಟಿಲು

ದೊಡ್ಡಕ್ಕನಿಗೆ ಹೊಟ್ಟೆಕಿಚ್ಚು. ಇದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ, ಕಚೇರಿಯಲ್ಲಿ ಕಸ ಗುಡಿಸುವವರಿಗೂ ಗೊತ್ತಿದ್ದ ವಿಷಯ ಅದು. ಅದೂ ಯಾರ ಮೇಲೆ? ಒಡಹುಟ್ಟಿದ ತಂಗಿಯ ಮೇಲೆ. ಇಬ್ಬರಿಗೂ ಕೆಲಸ ಒಂದೇ ಸಾರ್ವಜನಿಕ ಆರೋಗ್ಯ ಸಂಸ್ಥೆಯಲ್ಲಿ. ಕೆಳಗಿನ ಮಹಡಿಯ ಲ್ಯಾಬಿಗೆ ಇವಳು ಮುಖ್ಯಸ್ಥೆ. ಎಲ್ಲಿ ಯಾವ ಜ್ವರ ಎದ್ದಿದೆ, ಎಷ್ಟು ಜನ ಮಲಗಿದ್ದಾರೆ ಅಂತ ಸುದ್ದಿ ಕಲೆಹಾಕುವ ಮೇಲಿನ ಮಹಡಿಯ ವಿಭಾಗಕ್ಕೆ ತಂಗಿ ಮುಖ್ಯಸ್ಥೆ. ಕಚೇರಿಯವರು ಒಬ್ಬಳನ್ನು ದೊಡ್ಡಕ್ಕ, ಇನ್ನೊಬ್ಬಳನ್ನು ಚಿಕ್ಕಕ್ಕ ಅಂತ ಕರೆದು ಕರೆದು ನಿಜವಾದ ಹೆಸರನ್ನೇ ಮರೆತಿದ್ದರು.

ಹಾಗಂತ ಚಿಕ್ಕಕ್ಕ ಏನಾದರೂ ಕೇಡು ಬಗೆದಿದ್ದಳೇ? ಅದೇ ನೋಡಿ ತೊಂದರೆ, ಏನೂ ಮಾಡಿರಲಿಲ್ಲ. ಎಲ್ಲೋ ವಾಂತಿಭೇದಿ ಶುರುವಾಯಿತು ಅನ್ನಿ. ಅಲ್ಲಿನ ನೀರು ತರಿಸಿ, ಗಾಜಿನ ಪುಟ್ಟ ತಟ್ಟೆಗಳಲ್ಲಿ ಅದರ ರೋಗಾಣು ಬೆಳೆಸಿ, ಕಣ್ಣು ಉರಿಯುವವರೆಗೂ ನೋಡಿ, ರೋಗ ಈ ನೀರಿನಲ್ಲೇ ಇದೆ ಅಂತ ಹಿಡಿದುಕೊಡುವವಳು ದೊಡ್ಡಕ್ಕ. ಟಿವಿಯವರ ಮೈಕು ಮಾತ್ರ ನೇರ ಮೇಲಿನ ಮಹಡಿಗೆ ಹೋಗುತ್ತಿತ್ತು. ಲ್ಯಾಬಿನ ಬಾಗಿಲಲ್ಲಿ ನಿಂತು "ಚಿಕ್ಕಕ್ಕನ ರೂಮು ಯಾವ ಕಡೆ?" ಅಂತ ಕೇಳಿಕೊಂಡೇ ಹೋಗುತ್ತಿದ್ದರು ಆ ಪುಣ್ಯಾತ್ಮರು. ಸಂಜೆ ಮನೆಗೆ ಬಂದರೆ ಅಮ್ಮನ ಕಾಟ. ಇದ್ದದ್ದು ದೊಡ್ಡ ಮಗಳ ಮನೆಯಲ್ಲಿ, ಉಣ್ಣುತ್ತಿದ್ದದ್ದು ದೊಡ್ಡ ಮಗಳು ಬಡಿಸಿದ್ದನ್ನ. ಬಾಯಿ ತೆರೆದರೆ ಮಾತ್ರ, "ಚಿಕ್ಕವಳು ಎಷ್ಟು ಚೆನ್ನಾಗಿ ಮಾತಾಡಿದ್ಲು ನೋಡಿದ್ಯಾ?" ದೊಡ್ಡಕ್ಕ ಸೌಟನ್ನು ಪಾತ್ರೆಯ ಅಂಚಿಗೆ ಕುಟ್ಟುತ್ತಿದ್ದಳು.

ಲ್ಯಾಬಿನಲ್ಲಿ ಅವಳ ಜೊತೆಗಿದ್ದವಳು ಒಬ್ಬಳೇ ಟೆಕ್ನಿಷಿಯನ್, ಎರಡು ಮಕ್ಕಳ ತಾಯಿ. ಗುತ್ತಿಗೆ ಮೇಲೆ ಬಂದವಳನ್ನು ದೊಡ್ಡಕ್ಕ ಪಕ್ಕದಲ್ಲಿ ಕೂರಿಸಿಕೊಂಡು, ಬೈದು, ಮುದ್ದು ಮಾಡಿ, ತಯಾರು ಮಾಡಿದ್ದಳು. ಈಗ ಗುತ್ತಿಗೆ ಮುಗಿಯುತ್ತಾ ಬಂದಿತ್ತು. ಅವಳು ಹೋದರೆ ದೊಡ್ಡಕ್ಕ ಒಂಟಿ. ಲ್ಯಾಬೂ ಲ್ಯಾಬಾಗಿ ಉಳಿಯುವುದಿಲ್ಲ, ಬಂದ ಸ್ಯಾಂಪಲ್‌ಗಳನ್ನು ಐಸಿನ ಡಬ್ಬದಲ್ಲಿಟ್ಟು ಬೇರೆ ಊರಿಗೆ ಸಾಗಿಸುವ ಕೌಂಟರ್ ಆಗುತ್ತದೆ. ಆ ಯೋಚನೆ ಬಂದರೆ ಸಾಕು, ಅವಳಿಗೆ ಊಟ ಸೇರುತ್ತಿರಲಿಲ್ಲ.

ಅಷ್ಟರಲ್ಲಿ ಸಂಸ್ಥೆಗೆ ಎಷ್ಟು ಕಸುವಿದೆ ಅಂತ ಅಳೆಯಲು ಹೊರಗಿನಿಂದ ಒಬ್ಬರು ಮೇಡಂ ಬಂದರು. ಅವರ ಅಳತೆಯ ರೀತಿಯೇ ಬೇರೆ. ಬೀರು ತೆಗೆಸಲಿಲ್ಲ, ಫೈಲು ಕೇಳಲಿಲ್ಲ. ಗೋಡೆಗೆ ದೊಡ್ಡ ಹಾಳೆ ಅಂಟಿಸಿ ನಾಲ್ಕು ಮೆಟ್ಟಿಲು ಬರೆದರು. ಒಂದನೆಯದು, ಏನೂ ಇಲ್ಲ. ಎರಡನೆಯದು, ಶುರುವಾಗಿದೆ, ಆದರೆ ಯಾರೋ ಒಬ್ಬರ ಮೇಲೆ ನಿಂತಿದೆ. ಮೂರನೆಯದು, ನಡೆಯುತ್ತಿದೆ. ನಾಲ್ಕನೆಯದು, ಯಾರು ಇದ್ದರೂ ಇಲ್ಲದಿದ್ದರೂ ನಡೆಯುತ್ತದೆ. ಪ್ರತಿ ವಿಭಾಗದ ಮುಖ್ಯಸ್ಥರೂ ಎಲ್ಲರೆದುರು ಎದ್ದು ನಿಂತು ತಮ್ಮ ಮೆಟ್ಟಿಲು ಯಾವುದು ಅಂತ ತಾವೇ ಹೇಳಬೇಕು. "ಇದು ಪರೀಕ್ಷೆ ಅಲ್ಲ. ಕೆಳಗಿರೋರಿಗೆ ಮೊದಲು ಸಹಾಯ, ಮೇಲಿರೋರಿಗೆ ಬರೀ ಚಪ್ಪಾಳೆ," ಅಂದರು ಮೇಡಂ. ದೊಡ್ಡಕ್ಕ ಇದನ್ನು ಕಿವಿಯಾರೆ ಕೇಳಿದ್ದಳು. "ಎರಡು ಅಂತೀನಿ, ನಿನ್ನ ಹುದ್ದೆ ಉಳಿಯುತ್ತೆ, ತಲೆ ಕೆಡಿಸ್ಕೋಬೇಡ," ಅಂತ ಟೆಕ್ನಿಷಿಯನ್‌ಗೆ ಧೈರ್ಯವನ್ನೂ ಹೇಳಿದ್ದಳು.

ಆದರೆ ಮೊದಲ ಸರದಿ ಮೇಲಿನ ಮಹಡಿಯದು. ಚಿಕ್ಕಕ್ಕ ಎದ್ದಳೋ ಇಲ್ಲವೋ, ಅವಳ ಕಡೆಯವರೆಲ್ಲ "ನಾಲ್ಕು, ನಾಲ್ಕು" ಅಂದರು. ಅವಳು ಮಾತ್ರ ತಲೆ ಅಡ್ಡಡ್ಡ ಆಡಿಸಿದಳು.

"ಇಲ್ಲ ಮೇಡಂ. ನಾನು ಒಂದು ವಾರ ಮಲಗಿದ್ರೆ ನಮ್ಮ ವಿಭಾಗಾನೂ ಮಲಗುತ್ತೆ. ಎರಡು ಹಾಕಿ."

ಮೇಡಂ ಕನ್ನಡಕ ತೆಗೆದು ಅವಳನ್ನೇ ನೋಡಿದರು. "ಇಷ್ಟು ಪ್ರಾಮಾಣಿಕವಾಗಿ ಹೇಳೋರು ಅಪರೂಪ," ಅಂದರು. ಸಭೆಯೆಲ್ಲ ಚಪ್ಪಾಳೆ. ಸಂಸ್ಥೆಯ ನಿರ್ದೇಶಕರಂತೂ ಕೂತಲ್ಲೇ ಉಬ್ಬಿಹೋದರು.

ದೊಡ್ಡಕ್ಕನ ಹೊಟ್ಟೆಯೊಳಗೆ ಬೆಂಕಿ ಬಿತ್ತು. ಅಲ್ಲ, ಕೆಳಗಿಳಿದರೂ ಇವಳಿಗೇ ಚಪ್ಪಾಳೆಯಾ? ತಾನು ಹೇಳಬೇಕು ಅಂತ ಜೋಪಾನ ಮಾಡಿಟ್ಟುಕೊಂಡಿದ್ದ "ಎರಡು" ಅನ್ನುವ ಮಾತನ್ನೂ ಇವಳೇ ಎತ್ತಿಕೊಂಡು ಹೋದಳಲ್ಲ. ಈಗ ತಾನೂ ಎರಡು ಅಂದರೆ ಜನ ಏನಂತಾರೆ? ತಂಗಿಯ ನಕಲು ಹೊಡೆದಳು ಅಂತಾರೆ. ಎಷ್ಟು ವರ್ಷದಿಂದ ಈ ಕಟ್ಟಡದಲ್ಲಿ ಅವಳು ಮೇಲೆ, ತಾನು ಕೆಳಗೆ. ಗೋಡೆಯ ಮೇಲಾದರೂ ಒಂದು ಸಲ ತಾನು ಮೇಲಿರಬಾರದೇ?

ಸರದಿ ಬಂತು. "ನಾಲ್ಕು," ಅಂದುಬಿಟ್ಟಳು.

ಹಿಂದೆ ಕೂತಿದ್ದ ಟೆಕ್ನಿಷಿಯನ್ ಅವಳ ಕೋಟಿನ ತುದಿ ಎಳೆದಳು. ದೊಡ್ಡಕ್ಕ ಕೋಟನ್ನು ಬಿಡಿಸಿಕೊಂಡಳು.

"ನೀವು ಇಲ್ಲದಿದ್ರೂ ಲ್ಯಾಬ್ ನಡೆಯುತ್ತಾ?" ಮೇಡಂ ಕೇಳಿದರು.

"ಧಾರಾಳವಾಗಿ. ಇವಳಿದ್ದಾಳಲ್ಲ," ಅಂತ ಬೆನ್ನ ಹಿಂದೆ ಕೈ ತೋರಿಸಿದಳು. ಗುತ್ತಿಗೆ ಮುಗಿದು ಮನೆಗೆ ಹೋಗಬೇಕಾದವಳನ್ನೇ ತೋರಿಸಿದಳು ಕಣ್ರೀ. ಬುದ್ಧಿಗೆ ಮಂಕು ಕವಿಯುವುದು ಅಂದರೆ ಇದೇ.

ಟೀ ಕುಡಿಯುವ ಹೊತ್ತಿಗೆ ಚಿಕ್ಕಕ್ಕ ಓಡಿ ಬಂದಳು. "ಏನಕ್ಕಾ ಇದು? ಎರಡು ಅನ್ನಬೇಕಿತ್ತು. ಹೀಗಂದ್ರೆ ನಿನಗೆ ಏನೂ ಸಿಗಲ್ಲ."

"ಯಾಕೆ, ನಿನಗಿಂತ ಮೇಲೆ ಹೋದ್ರೆ ಕಣ್ಣು ಚುಚ್ಚುತ್ತಾ?"

ಚಿಕ್ಕಕ್ಕ ಟೀ ಲೋಟ ಅಲ್ಲೇ ಇಟ್ಟು ಹೋದಳು. ವಿಭಾಗಕ್ಕೊಂದು ಚುಕ್ಕೆ ಇಟ್ಟು ಆ ಮೆಟ್ಟಿಲಿನ ಹಾಳೆಯನ್ನು ಮುಂಬಾಗಿಲ ಹತ್ತಿರ ಅಂಟಿಸಿದರು. ಲ್ಯಾಬಿನ ಹಸಿರು ಚುಕ್ಕೆ ಎಲ್ಲಕ್ಕಿಂತ ಮೇಲೆ, ತಂಗಿಯದು ಎಷ್ಟೋ ಕೆಳಗೆ. ದೊಡ್ಡಕ್ಕ ಕೆಲಸವಿಲ್ಲದಿದ್ದರೂ ಆ ಕಡೆ ಹೋಗಿ ಬರುತ್ತಿದ್ದಳು. ಅಮ್ಮನಿಗೂ ಹೇಳಿದಳು. ಅಮ್ಮ, "ಹೌದಾ, ಚಿಕ್ಕವಳಿಗೆ ಎಷ್ಟು ಬಂತು?" ಅಂತ ಕೇಳಿದಳು.

ಮುಂದಿನ ಸಭೆಯಲ್ಲಿ ಸುಧಾರಣೆಯ ಯೋಜನೆ ಓದಿದರು. ಚಿಕ್ಕಕ್ಕನ ವಿಭಾಗಕ್ಕೆ ಎರಡು ಹೊಸ ಹುದ್ದೆ. ಲ್ಯಾಬಿನ ಸರದಿ ಬಂದಾಗ ನಿರ್ದೇಶಕರು, "ಗಟ್ಟಿಯಾಗಿದೆ, ಸದ್ಯಕ್ಕೆ ಏನೂ ಬೇಕಿಲ್ಲ," ಅಂತ ಓದಿ ಹಾಳೆ ತಿರುವಿದರು. "ಯಾರದ್ದಾದ್ರೂ ಬದಲಾವಣೆ ಇದ್ರೆ ಈಗಲೇ ಹೇಳಿ, ಆಮೇಲೆ ಆಗಲ್ಲ," ಅಂದರು.

ಅವತ್ತು ದೊಡ್ಡಕ್ಕ, ನಮ್ಮದು ನಾಲ್ಕಲ್ಲ, ಎರಡು ಅಂತ ಹೇಳಿಬಿಡಬೇಕು ಅಂತಲೇ ಬಂದಿದ್ದಳು, ಇದನ್ನು ನಂಬಿ. ರಾತ್ರಿಯೆಲ್ಲ ಆ ಮಾತನ್ನು ಮನಸ್ಸಿನಲ್ಲೇ ಹೇಳಿಕೊಂಡಿದ್ದಳು. ಕುರ್ಚಿಯ ತೋಳು ಹಿಡಿದು ಇನ್ನೇನು ಏಳಬೇಕು, ಆ ಕಡೆಯಿಂದ ಚಿಕ್ಕಕ್ಕ ಎದ್ದಳು.

"ಸಾರ್, ನಮ್ಮಕ್ಕ ಬಾಯಿಬಿಟ್ಟು ಹೇಳಲ್ಲ. ಅವಳ ಲ್ಯಾಬಿಗೂ ತುಂಬಾ ಕಷ್ಟ ಇದೆ. ನಮಗೆ ಕೊಟ್ಟಿರೋದರಲ್ಲಿ ಒಂದು ಹುದ್ದೆ ಅವಳಿಗೇ ಕೊಟ್ಬಿಡಿ."

ಎಲ್ಲರೂ ತಿರುಗಿ ದೊಡ್ಡಕ್ಕನನ್ನು ನೋಡಿದರು. ಪಾಪ ಅನ್ನುವ ನೋಟ. "ಹೌದೇನಮ್ಮಾ?" ಅಂತ ನಿರ್ದೇಶಕರು ಮೆತ್ತಗೆ ಕೇಳಿದರು. ಹೂಂ ಅಂದಿದ್ದರೆ ಮುಗಿಯುತ್ತಿತ್ತು. ತಲೆಯಾಡಿಸಿದ್ದರೂ ಸಾಕಿತ್ತು. ಟೆಕ್ನಿಷಿಯನ್ ಎರಡೂ ಕೈ ಬಿಗಿಹಿಡಿದು ಕೂತಿದ್ದಳು.

"ಯಾರ ಎಂಜಲೂ ನಮಗೆ ಬೇಡ," ಅಂದಳು ದೊಡ್ಡಕ್ಕ. "ನಾಲ್ಕು ಅಂದಿದ್ದು ನಾಲ್ಕೇ."

ಗುತ್ತಿಗೆ ಮುಗಿದ ದಿನ ಟೆಕ್ನಿಷಿಯನ್ ತನ್ನ ಬಿಳಿ ಕೋಟು ಮಡಚಿ ಚೀಲಕ್ಕೆ ಹಾಕಿಕೊಂಡಳು. "ನಾಳೆಯಿಂದ ಮೇಲಿನ ಮಹಡಿಗೆ ಬರೋಕೆ ಹೇಳಿದ್ದಾರೆ. ಚಿಕ್ಕಕ್ಕನೇ ಕೇಳಿ ತಗೊಂಡ್ರು," ಅಂದಳು ನೆಲ ನೋಡುತ್ತಾ. ರೋಗಾಣು ಗುರುತಿಸಲು ಕಲಿತವಳು ಇನ್ನು ಫೋನು ಎತ್ತಬೇಕು. ಮಕ್ಕಳ ಹೊಟ್ಟೆಪಾಡು, ಬೇಡ ಅನ್ನುವ ಹಾಗಿರಲಿಲ್ಲ.

ತಪ್ಪು ನನ್ನದು ಅನ್ನಬಹುದಿತ್ತು ದೊಡ್ಡಕ್ಕ. ಹೋಗಿ ಬಾ, ಚೆನ್ನಾಗಿರು ಅನ್ನಬಹುದಿತ್ತು. ಬಾಯಿಗೆ ಬಂದದ್ದು ಬೇರೆ.

"ನನ್ನ ಬಗ್ಗೆ ಅವಳು ಏನಾದ್ರೂ ಅಂದ್ಲಾ?"

"ಅಂದ್ರು."

"ಏನಂದ್ಲು?"

"ನಮ್ಮಕ್ಕನ ಕೈಯಲ್ಲಿ ಪಳಗಿದವಳು, ಇವಳನ್ನ ಕಳ್ಕೊಂಡ್ರೆ ಸಂಸ್ಥೆಗೇ ನಷ್ಟ ಅಂತ ಸಾಹೇಬರ ಮುಂದೆ ಹೇಳಿದ್ರು."

ಅಷ್ಟು ಹೇಳಿ ಅವಳು ಹೊರಟುಹೋದಳು. ಬೆಳಿಗ್ಗೆ ಬಂದ ನೀರಿನ ಬಾಟಲಿಗಳು ಮೇಜಿನ ಮೇಲೆ ಹಾಗೇ ಇದ್ದವು. ದೊಡ್ಡಕ್ಕ ಸ್ಟೂಲು ಎಳೆದುಕೊಂಡು ಕೂತಳು. ಒಂದು ಕೆಟ್ಟ ಮಾತು, ಒಂದೇ ಒಂದು, ಆಡಬಾರದಿತ್ತೇ ಅವಳು ಅಂತ ಹಲ್ಲು ಕಡಿದಳು. ಆಡಿದ್ದರೆ ಈ ಹೊತ್ತಿನಲ್ಲಿ ಬೈಯುವುದಕ್ಕೆ ತನ್ನನ್ನು ಬಿಟ್ಟು ಇನ್ನೊಬ್ಬರಾದರೂ ಸಿಗುತ್ತಿದ್ದರು.