ವರ್ಲಿನ್ ಮೇಷ್ಟ್ರ ಲೆಕ್ಕ ತಪ್ಪದ ವರ್ಷ

ಮಾರ್ಚ್ ಬಂತೆಂದರೆ ಇಂಡಿಯಾನಾದ ನಮ್ಮ ಕಡೆಯ ಜನಕ್ಕೆ ತಲೆ ಒಂದು ಕಡೆ ನಿಲ್ಲುವುದಿಲ್ಲ. ಕಾಲೇಜು ಬಾಸ್ಕೆಟ್‌ಬಾಲ್ ಟೂರ್ನಮೆಂಟ್ ಶುರು. ಸೋತವರು ಅಲ್ಲಿಂದಲೇ ಮನೆಗೆ. ಯಾವ ದೊಡ್ಡ ತಂಡ ಯಾವ ಪುಟ್ಟ ಕಾಲೇಜಿನ ಕೈಲಿ ಮಣ್ಣು ಮುಕ್ಕುತ್ತದೆ ಎಂದು ಮೊದಲೇ ಹೇಳುವುದರಲ್ಲಿ ಇರುವ ಮಜಾ ಗೆದ್ದವರಿಗೂ ಇರಲಿಕ್ಕಿಲ್ಲ.

ಹಾಗೆ ಹೇಳುವುದರಲ್ಲಿ ಹೈಸ್ಕೂಲಿನ ಗಣಿತದ ಮೇಷ್ಟ್ರು ವರ್ಲಿನ್ ಹಫೇಕರ್‌ದು ಎತ್ತಿದ ಕೈ. ಉಳಿದವರು ತಂಡದ ಹೆಸರು ನೋಡಿದರೆ ಇವರು ಚೆಂಡು ಎಷ್ಟು ಸಲ ಕೈತಪ್ಪಿತು, ಎದುರಿನವರು ಫೌಲ್ ಮಾಡಿದಾಗ ಸಿಗುವ ಫ್ರೀ ಥ್ರೋ ಎಷ್ಟು ಬುಟ್ಟಿಯೊಳಗೆ ಬಿತ್ತು ಎಂದು ನೋಡುತ್ತಿದ್ದರು. ನಿಧಾನವಾಗಿ ಆಡುವ ಪುಟ್ಟ ತಂಡವೆಂದರೆ ಅವರಿಗೆ ಪ್ರೀತಿ. ಆಟ ನಿಧಾನವಾದಷ್ಟೂ ಬಲಾಢ್ಯರಿಗೆ ಬಲ ತೋರಿಸುವ ಅವಕಾಶ ಕಮ್ಮಿ, ಅದೃಷ್ಟಕ್ಕೆ ಜಾಗ ಜಾಸ್ತಿ ಎನ್ನುತ್ತಿದ್ದರು.

ಆ ವರ್ಷವೂ ಊರಿನ ರೇಡಿಯೋದಿಂದ ಅವರ ಹಳೇ ಶಿಷ್ಯ ರೋಸ್ಕೋ ಫೋನ್ ಮಾಡಿದ. "ಮೇಷ್ಟ್ರೇ, ಈ ಸಲ ಯಾವ ಆನೆ ಬೀಳತ್ತೆ?"

ಲೆಕ್ಕ ತೋರಿಸಿದ್ದು ದೂರದ ದೊಡ್ಡ ಕಾಲೇಜಿಗೆ ಆಡುತ್ತಿದ್ದ ಮಗಳು ಕೆಂಡ್ರಾಳ ತಂಡವನ್ನು. ಮೇಷ್ಟ್ರು ಬೇರೆ ಯಾವುದಾದರೂ ಹೆಸರು ಹೇಳಿ ಪಾರಾಗಬಹುದಿತ್ತು. ಆದರೆ ಮಗಳೆಂದು ಮುಚ್ಚಿಟ್ಟರೆ ಊರು ಆಡಿಕೊಂಡೀತು ಎಂಬ ಬಿಂಕ ನೋಡಿ! ತಂಡದ ಹೆಸರು ಹೇಳಿದ್ದಲ್ಲದೆ ದಾರಿಯನ್ನೂ ತೋರಿಸಿಬಿಟ್ಟರು.

"ಕೊನೇಲಿ ಒಂದು ಪಾಯಿಂಟ್ ಮುಂದಿದ್ರೂ ಅಷ್ಟೇ. ಎದುರಿನವರು ಹುಡುಕ್ಕೊಂಡು ಹೋಗಿ ಹದಿನಾಲ್ಕನೇ ನಂಬರಿನವಳಿಗೆ ಫೌಲ್ ಮಾಡ್ತಾರೆ. ಫ್ರೀ ಥ್ರೋ ಅವಳ ಕೈಲಿ ಆಗಲ್ಲ. ಅರ್ಧಕ್ಕರ್ಧ ಹೊರಗೇ."

"ಹದಿನಾಲ್ಕು ಅಂದ್ರೆ ನಮ್ಮ ಕೆಂಡ್ರಾ ಅಲ್ವಾ ಮೇಷ್ಟ್ರೇ?"

"ಲೆಕ್ಕಕ್ಕೆ ಮಗಳು ಗಿಗಳು ಅಂತೆಲ್ಲ ಗೊತ್ತಾಗಲ್ಲ ಕಣೋ," ಎಂದು ನಕ್ಕರು.

ಅಡುಗೆಮನೆಯಲ್ಲಿ ಹೆಂಡತಿ ಓಪಲ್ ರೇಡಿಯೋ ಆರಿಸಿ ಬಂದಳು. "ಅಯ್ಯೋ ನಿನ್ನ ಬಾಯಿಗಿಷ್ಟು! ಅವಳ ಕಿವಿಗೆ ಬಿದ್ರೆ?"

"ನಮ್ಮೂರ ರೇಡಿಯೋ ಅಲ್ಲೀವರೆಗೆ ಎಲ್ಲಿ ಕೇಳತ್ತೆ, ಬಿಡು."

ಕೇಳದೆ ಏನು? ಮಗಳ ಜೊತೆ ಓದಿದವಳೊಬ್ಬಳು ಅದನ್ನು ಫೋನಿನಲ್ಲಿ ಹಿಡಿದು ಅವಳಿಗೇ ಕಳಿಸಿಯಾಗಿತ್ತು.

ಪಂದ್ಯದ ದಿನ ಗಂಡಹೆಂಡಿರು ಮುಂದಿನ ಸಾಲಿನಲ್ಲೇ ಕೂತಿದ್ದರು. ಲೆಕ್ಕ ಸುಳ್ಳಾಗಲಿ ದೇವರೇ ಎಂದು ಮೇಷ್ಟ್ರು ಮೊದಲಿನಿಂದಲೂ ಬೇಡಿಕೊಳ್ಳುತ್ತಲೇ ಇದ್ದರು. ಆಟ ಮುಗಿಯುತ್ತ ಬಂದಾಗ ಕೆಂಡ್ರಾಳ ತಂಡ ಒಂದೇ ಪಾಯಿಂಟ್ ಮುಂದಿತ್ತು. ಎದುರಿನವರು ಹುಡುಕಿಕೊಂಡು ಬಂದು ಅವಳಿಗೇ ಫೌಲ್ ಮಾಡಿದರು. ಎರಡು ಫ್ರೀ ಥ್ರೋ. ಅವಳು ಗೆರೆಯ ಮೇಲೆ ನಿಂತು ಒಮ್ಮೆ ಅಪ್ಪನ ಕಡೆ ತಿರುಗಿದಳು. "ಹಾಕು ಮಗಳೇ" ಎಂದು ಕೂಗಲು ಮೇಷ್ಟ್ರು ಎದ್ದು ನಿಲ್ಲುವಷ್ಟರಲ್ಲಿ ಅವಳು ಬುಟ್ಟಿಯ ಕಡೆ ತಿರುಗಿಯಾಗಿತ್ತು. ಎರಡೂ ಹೊರಗೆ ಬಿದ್ದವು. ಪುಟ್ಟ ಕಾಲೇಜಿನ ಹುಡುಗಿಯೊಬ್ಬಳು ಚೆಂಡು ಹಿಡಿದು ಓಡಿ, ಗಂಟೆ ಹೊಡೆಯುವಷ್ಟರಲ್ಲಿ ಬುಟ್ಟಿಗೆ ಹಾಕಿದಳು.

ಊರಿಗೆ ಬಂದರೆ ಹೋಟೆಲಿನಲ್ಲಿ ಚಪ್ಪಾಳೆ. "ಭಲೇ ಮೇಷ್ಟ್ರೇ, ಹೇಳಿದ್ದು ಹೇಳಿದ ಹಾಗೇ ಆಯ್ತಲ್ಲ!" ಎಂದು ಮಾಲೀಕ ಸೇಬಿನ ಪೈ ತಂದಿಟ್ಟ. ಮೇಷ್ಟ್ರು ತಟ್ಟೆಯನ್ನು ಪಕ್ಕದವನ ಕಡೆ ಸರಿಸಿದರು. ಆ ಚಪ್ಪಾಳೆಯಷ್ಟು ನೋಯಿಸಿದ್ದು ಅವರ ಜೀವಮಾನದಲ್ಲಿ ಬೇರೆ ಇಲ್ಲ.

ಭಾನುವಾರ ಮಗಳ ಫೋನ್ ಬಂತು.

"ಚೆಂಡು ಹಿಡಿದು ನಿಂತಾಗ ನನಗೆ ಬುಟ್ಟಿನೇ ಕಾಣಿಸ್ಲಿಲ್ಲ ಅಪ್ಪಾ. 'ಅವಳ ಕೈಲಿ ಆಗಲ್ಲ' ಅಂದ್ಯಲ್ಲ, ಅದೊಂದೇ ಕೇಳಿಸ್ತಿತ್ತು."

"ತಪ್ಪಾಯ್ತು ಮಗಳೇ. ನನ್ನ ಲೆಕ್ಕ ಸುಳ್ಳಾಗ್ಲಿ ಅಂತ ಎಷ್ಟು ಬೇಡ್ಕೊಂಡೆ ಗೊತ್ತಾ?"

"ನೀನು ಬೇಡ್ಕೊಂಡಿದ್ದು ದೇವರಿಗೆ ಕೇಳ್ಸಿರ್ಬೋದು. ನನಗೆ ಕೇಳ್ಸಿದ್ದು ರೇಡಿಯೋದಲ್ಲಿ ಹೇಳಿದ್ದು."

ಆ ಬೇಸಿಗೆಗೆ ಅವಳು ಆಟ ಬಿಟ್ಟಳು. ಈಸ್ಟರ್‌ಗೂ ಬರಲಿಲ್ಲ, ಕ್ರಿಸ್‌ಮಸ್‌ಗೂ ಬರಲಿಲ್ಲ. ಅಮ್ಮನೊಂದಿಗೆ ಮಾತಾಡುತ್ತಾಳೆ, ಅಪ್ಪ ಫೋನ್ ಇಸಿದುಕೊಳ್ಳುವಷ್ಟರಲ್ಲಿ ಅವಳಿಗೆ ಏನೋ ಕೆಲಸ ಬಂದಿರುತ್ತದೆ. ಅವಳ ತಂಡವೂ ಮರುವರ್ಷ ಸೋತು ಸುಣ್ಣವಾಗಿ, ಟೂರ್ನಮೆಂಟಿಗೆ ಕರೆಯೇ ಬರಲಿಲ್ಲ.

ಮಾರ್ಚ್‌ನಲ್ಲಿ ರೋಸ್ಕೋ ಮತ್ತೆ ಫೋನ್ ಮಾಡಿದ.

"ಲೆಕ್ಕ ಬಿಟ್ಟೆ ಕಣಪ್ಪಾ," ಎಂದರು ಮೇಷ್ಟ್ರು.

"ಲೆಕ್ಕ ಬೇಡ ಬಿಡಿ. ಮನಸ್ಸಿಗೆ ಬಂದಿದ್ದು ಹೇಳಿ. ಕಪ್ ಯಾರಿಗೆ?"

"ಕೆಂಡ್ರಾ ತಂಡಕ್ಕೆ."

ರೋಸ್ಕೋ ತಡವರಿಸಿದ. "ಮೇಷ್ಟ್ರೇ... ಆ ತಂಡ ಈ ಸಲ ಆಡ್ತಾನೇ ಇಲ್ವಲ್ಲ."

"ಗೊತ್ತು," ಎಂದರು ಮೇಷ್ಟ್ರು. "ಆದ್ರೂ ರೇಡಿಯೋದಲ್ಲಿ ಗಟ್ಟಿಯಾಗಿ ಹೇಳಪ್ಪ. ಅವಳಿಗೆ ಕೇಳಿಸೋ ಹಾಗೆ."